ನಾಯಿ ಕಚ್ಚಲಿಲ್ಲ, ಅಟ್ಟಿಸಿಕೊಂಡು ಬಂತು, ಸೈಕಲ್ ಸವಾರ ಬಿದ್ದ: ಪರಿಹಾರ ಕೇಳಬಹುದೇ?

ಪ್ರಶ್ನೆ

ಸಾಕುನಾಯಿಯೊಂದು ತೆರೆದ ಗೇಟಿನಿಂದ ನುಗ್ಗಿ ಸೈಕಲ್ಲನ್ನು ಅಟ್ಟಿಸಿಕೊಂಡು ಬಂದಿದೆ. ತಪ್ಪಿಸಿಕೊಳ್ಳಲು ಹ್ಯಾಂಡಲ್ ತಿರುಗಿಸಿದ ಸವಾರ ಬಿದ್ದು ಕೊರಳೆಲುಬು (ಕಾಲರ್ ಬೋನ್) ಮುರಿದಿದೆ, ಮುಂದಿನ ಚಕ್ರ ಡೊಂಕಾಗಿದೆ. ನಾಯಿ ಮೈ ಮುಟ್ಟಿಲ್ಲ. "ಕಚ್ಚಿಲ್ಲವಲ್ಲ, ನೀವೇ ಬಿದ್ದಿರಿ" ಅಂತ ಮಾಲೀಕರು ಹೇಳುತ್ತಿದ್ದಾರೆ. ಹಕ್ಕು ಇದೆಯೇ? ಏನೇನು ಕೂಡಿಟ್ಟುಕೊಳ್ಳಬೇಕು, ಎಷ್ಟು ದಿನದೊಳಗೆ? ಬೇರೆ ದೇಶಗಳ ಕಾನೂನು ತಿಳಿದವರೂ ದಯವಿಟ್ಟು ಬರೆಯಿರಿ.

ಸಿವಿಲ್ ವಕೀಲರ ಉತ್ತರ

ಹಕ್ಕು ಇದೆ. ನಾಯಿಯ ಹಲ್ಲು ತಾಗಿತೋ ಇಲ್ಲವೋ ಎಂಬುದಕ್ಕಿಂತ, ನಾಯಿ ಹಾಗೆ ನುಗ್ಗದಿದ್ದರೆ ಸವಾರ ಬೀಳುತ್ತಿದ್ದನೇ ಎಂಬುದನ್ನೇ ಬಹುತೇಕ ಕೋರ್ಟುಗಳು ನೋಡುವುದು.

"ನೀವೇ ಬಿದ್ದಿರಿ" ಎಂಬ ವಾದಕ್ಕೆ ಉತ್ತರ ಸಿಕ್ಕಿ ಇನ್ನೂರು ವರ್ಷ ದಾಟಿದೆ. 1816ರ ಜೋನ್ಸ್ ವಿರುದ್ಧ ಬಾಯ್ಸ್ ಎಂಬ ಇಂಗ್ಲೆಂಡಿನ ಪ್ರಕರಣದಲ್ಲಿ, ಲಗಾಮು ತುಂಡಾದ ಕುದುರೆಗಾಡಿ ಇನ್ನೇನು ಮಗುಚುತ್ತದೆ ಎಂದು ಹೆದರಿದ ಪ್ರಯಾಣಿಕ ಕೆಳಗೆ ಹಾರಿ ಕಾಲು ಮುರಿದುಕೊಂಡ. ಗಾಡಿ ಮಗುಚಲೇ ಇಲ್ಲ. ಆದರೂ ಗಾಡಿಯ ಮಾಲೀಕನೇ ಹೊಣೆ ಎಂದಾಯಿತು. ಇನ್ನೊಬ್ಬರ ತಪ್ಪಿನಿಂದ ಗಂಡಾಂತರಕ್ಕೆ ಸಿಕ್ಕಿದವನು ಆ ಗಳಿಗೆಯಲ್ಲಿ ತೆಗೆದುಕೊಂಡ ನಿರ್ಧಾರವನ್ನು, ಆಮೇಲೆ ಸಾವಧಾನವಾಗಿ ಕುಳಿತು ಅಳೆಯುವಂತಿಲ್ಲ ಎಂಬುದು ಅದರ ತಿರುಳು. ಭಾರತದ ಹೊಣೆಗಾರಿಕೆ ಕಾನೂನು ಇಂಗ್ಲೆಂಡಿನ ಇದೇ ಬೇರಿನಿಂದ ಬಂದದ್ದು, ಹಾಗಾಗಿ ಈ ತತ್ವವನ್ನು ಇಲ್ಲೂ ಎತ್ತಬಹುದು.

ದೇಶದಿಂದ ದೇಶಕ್ಕೆ ಬದಲಾಗುವುದು ಮಾಲೀಕರ ತಪ್ಪನ್ನು ನೀವು ಎಷ್ಟರಮಟ್ಟಿಗೆ ತೋರಿಸಬೇಕು ಎಂಬುದು.

ಜರ್ಮನಿಯ ನಾಗರಿಕ ಸಂಹಿತೆಯ 833ನೇ ಕಲಮಿನಡಿ ಮನೆನಾಯಿ ಮಾಡಿದ ಹಾನಿಗೆ ಸಾಕಿದವರು ನೇರ ಹೊಣೆ, ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿಲ್ಲ. ಜೀವನೋಪಾಯಕ್ಕಾಗಿ ಸಾಕಿದ ಪ್ರಾಣಿಗಷ್ಟೇ ವಿನಾಯಿತಿ, ಅದೂ ಸಾಕಷ್ಟು ಎಚ್ಚರ ವಹಿಸಿದ್ದರೆ. ಇಂಗ್ಲೆಂಡಿನ 1971ರ ಪ್ರಾಣಿ ಕಾಯ್ದೆ ಇದಕ್ಕಿಂತ ಸಿಕ್ಕುಸಿಕ್ಕು. ಆ ನಾಯಿಯ ಸ್ವಭಾವ ಮಾಲೀಕರಿಗೆ ಮೊದಲೇ ಗೊತ್ತಿತ್ತು ಎಂಬುದನ್ನೂ ತೋರಿಸಬೇಕಾಗುತ್ತದೆ. ಆದರೆ ಅಲ್ಲಿಯ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯ 3ನೇ ಕಲಂ, ಅದು ಕ್ರಿಮಿನಲ್ ಕಾನೂನಾದರೂ, ನಿಮ್ಮಂಥ ಪ್ರಕರಣಕ್ಕೆ ಹೇಳಿ ಮಾಡಿಸಿದಂತಿದೆ: ನಾಯಿ ಗಾಯ ಮಾಡೀತು ಎಂಬ ನ್ಯಾಯವಾದ ಭಯ ಹುಟ್ಟಿಸುವಂತೆ ವರ್ತಿಸಿದರೆ ಸಾಕು, ಗಾಯ ಮಾಡಿರಲೇಬೇಕೆಂದಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 3342ನೇ ಕಲಂ ಕಚ್ಚಿದ್ದಕ್ಕೆ ಮಾತ್ರ ನೇರ ಹೊಣೆ ಹೊರಿಸುತ್ತದೆ. ಅಟ್ಟಿಸಿ ಬೀಳಿಸಿದ್ದಕ್ಕೆ ಅಲ್ಲಿ ನಿರ್ಲಕ್ಷ್ಯದ ದಾರಿ ಹಿಡಿಯಬೇಕು, ಸರಪಳಿ ಕಡ್ಡಾಯ ಎಂಬ ಸ್ಥಳೀಯ ನಿಯಮ ಮುರಿದಿದ್ದರೆ ಅದೇ ದೊಡ್ಡ ಆಧಾರ. ಇಲಿನಾಯ್ ಕಾನೂನಿನಲ್ಲಿ ದಾಳಿಯ ಯತ್ನವೂ ಸೇರಿದೆ. "ಕಚ್ಚಿಲ್ಲವಲ್ಲ" ಎಂಬ ಮಾತು ಹುಟ್ಟಿದ್ದು ಕ್ಯಾಲಿಫೋರ್ನಿಯಾದಂಥ ಕಾನೂನುಗಳಿಂದ. ಅದನ್ನು ಎಲ್ಲ ಕಡೆಗೂ ಅಂಟಿಸುವುದು ತಪ್ಪು.

ಭಾರತದಲ್ಲಿ ಎರಡು ದಾರಿ, ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಒಂದು, ನಿರ್ಲಕ್ಷ್ಯದ ಆಧಾರದ ಮೇಲೆ ಪರಿಹಾರಕ್ಕಾಗಿ ಸಿವಿಲ್ ದಾವೆ. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಪೊಲೀಸ್ ದೂರು. ಪ್ರಾಣಾಪಾಯ ಅಥವಾ ತೀವ್ರ ಗಾಯದ ಸಂಭವ ಇದ್ದೂ ತನ್ನ ವಶದಲ್ಲಿರುವ ಪ್ರಾಣಿಯನ್ನು ಅಂಕೆಯಲ್ಲಿ ಇಡದಿದ್ದರೆ 6 ತಿಂಗಳವರೆಗೆ ಸೆರೆ, ಇಲ್ಲವೇ ₹5,000ದವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಗೆ ಹಳೆಯ ದಂಡ ಸಂಹಿತೆಯ 289ನೇ ಕಲಂ ಅನ್ವಯ. ಮೂಳೆ ಮುರಿತ ಕಾನೂನಿನ ಕಣ್ಣಲ್ಲಿ "ತೀವ್ರ ಗಾಯ". ದೂರಿನಲ್ಲಿ "ಗಾಯವಾಗಿದೆ" ಎಂದು ಬರೆದು ಬಿಡಬೇಡಿ, "ಬಲ ಕೊರಳೆಲುಬು ಮುರಿದಿದೆ" ಎಂದೇ ಬರೆಯಿರಿ.

ಒಂದು ತಪ್ಪು ಪದೇಪದೇ ಆಗುತ್ತದೆ. ರಸ್ತೆಯಲ್ಲಿ ಆದದ್ದು ಅಂತ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುವುದು. ಮೋಟಾರು ವಾಹನದ ಪಾತ್ರವೇ ಇಲ್ಲದ ಮೇಲೆ ಆ ಬಾಗಿಲು ಮುಚ್ಚಿದೆ. ಅಲ್ಲಿ ಓಡಾಡುವಷ್ಟರಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ತುರ್ತು ಚಿಕಿತ್ಸಾ ವೈದ್ಯರು

ವಕೀಲರು ಹೇಳಿದ್ದೆಲ್ಲ ನಿಲ್ಲುವುದು ಆಸ್ಪತ್ರೆಯ ಮೊದಲ ಚೀಟಿಯ ಮೇಲೆ. ನೋವಿನಲ್ಲಿರುವವರು "ಸೈಕಲ್‌ನಿಂದ ಬಿದ್ದೆ" ಅನ್ನುತ್ತಾರೆ, ನಾವು "ಸೈಕಲ್‌ನಿಂದ ಬಿದ್ದದ್ದು" ಎಂದು ಬರೆಯುತ್ತೇವೆ. ಆರು ತಿಂಗಳ ಮೇಲೆ ಎದುರು ಪಕ್ಷದ ವಕೀಲರು ಆ ಒಂದು ಸಾಲು ಓದಿ "ಇದರಲ್ಲಿ ನಾಯಿ ಎಲ್ಲಿದೆ?" ಅಂತ ಕೇಳುತ್ತಾರೆ. ಆಗ ತಿದ್ದಲು ಬರುವುದಿಲ್ಲ. ಹೇಳಬೇಕಾದದ್ದು ಇಷ್ಟು: "ನಾಯಿ ಅಟ್ಟಿಸಿಕೊಂಡು ಬಂತು, ತಪ್ಪಿಸಲು ತಿರುಗಿಸಿದಾಗ ಬಿದ್ದೆ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ." ವೈದ್ಯರು ಅದನ್ನೇ ಬರೆದರೇ ಎಂದು ಅಲ್ಲೇ ಓದಿ ನೋಡಿ. ಭಾರತದಲ್ಲಾದರೆ ಮೆಡಿಕೊ-ಲೀಗಲ್ ಪ್ರಕರಣ (ಪೊಲೀಸರಿಗೂ ತಿಳಿಸಬೇಕಾದ ಗಾಯದ ದಾಖಲೆ) ಎಂದು ನೋಂದಾಯಿಸಲು ಕೇಳಿ, ಅದರ ಸಂಖ್ಯೆಯನ್ನು ಪೊಲೀಸ್ ದೂರಿನಲ್ಲಿ ಹಾಕಿ.

ಕೈ ಊರಿ ಬಿದ್ದಿದ್ದರೆ ಮಣಿಕಟ್ಟನ್ನೂ ತೋರಿಸಿ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದಾಗ ನೋವಿದ್ದರೆ ಅಲ್ಲಿಯ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಮುರಿದಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗುವುದು ಸಾಮಾನ್ಯ. ಪಟ್ಟಿ ಹಾಕಿ 10–14 ದಿನಕ್ಕೆ ಮತ್ತೆ ತೆಗೆಯುತ್ತಾರೆ. ಮೊದಲ ದಿನವೇ "ಮಣಿಕಟ್ಟು ನೋವು" ಎಂದು ದಾಖಲಾಗಿರದಿದ್ದರೆ, ಆಮೇಲೆ ಕಂಡ ಮುರಿತ ಬೇರೆಲ್ಲೋ ಆದದ್ದು ಎನ್ನಲು ದಾರಿಯಾಗುತ್ತದೆ.

ರೇಬೀಸ್ ಬಗ್ಗೆ: ನಾಯಿ ಕಚ್ಚದೆ, ಪರಚದೆ, ನೆಕ್ಕದೆ ಇದ್ದರೆ ಲಸಿಕೆ ಬೇಕಿಲ್ಲ. ಬಿದ್ದು ತರಚಿದ ಗಾಯವನ್ನು ನಾಯಿ ನೆಕ್ಕಿದ್ದರೆ ಮಾತ್ರ ಲೆಕ್ಕವೇ ಬೇರೆ. ಸೀಳಿದ ಚರ್ಮಕ್ಕೆ ಜೊಲ್ಲು ತಾಗುವುದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಮೂರನೇ, ಅಂದರೆ ಅತಿ ಗಂಭೀರ ವರ್ಗ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ನೂ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು. "ಕಚ್ಚಿಲ್ಲ" ಎಂಬ ಸಮಾಧಾನದಲ್ಲಿ ಇದನ್ನು ಬಿಡುವವರಿದ್ದಾರೆ.

ಸೈಕಲ್ ಮೆಕ್ಯಾನಿಕ್

ಸೈಕಲ್ ತೊಳೆಯಬೇಡಿ, ಚಕ್ರ ಸರಿ ಮಾಡಿಸಬೇಡಿ, ಮೊದಲು ಫೋಟೊ. ಇಡೀ ಸೈಕಲ್ ಎರಡೂ ಬದಿಯಿಂದ, ಆಮೇಲೆ ಹತ್ತಿರದಿಂದ: ರಿಮ್, ಸ್ಪೋಕು, ಫೋರ್ಕಿನ ಮೇಲ್ತುದಿ, ಹ್ಯಾಂಡಲಿನ ತುದಿ, ಪೆಡಲ್, ಸೀಟಿನ ಅಂಚು. ಬಲಕ್ಕೆ ಬಿದ್ದ ಸೈಕಲ್ಲಿನಲ್ಲಿ ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ತುಂಡು ಹೆಚ್ಚಾಗಿ ಒಳಕ್ಕೆ ಬಾಗಿರುತ್ತದೆ. ಯಾವ ಬದಿಗೆ ಬಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ. ಕಾರ್ಬನ್ ಫೋರ್ಕಾದರೆ ಹೊರಗೆ ಏನೂ ಕಾಣದೆ ಹ್ಯಾಂಡಲಿಗೆ ಸೇರುವ ಒಳಗಿನ ಸ್ಟಿಯರರ್ ಕೊಳವೆ ಬಿರುಕು ಬಿಟ್ಟಿರಬಹುದು, ಬಿಚ್ಚಿಸಿ ನೋಡಿಸದೆ ಹತ್ತಬೇಡಿ. ನಾಣ್ಯದಿಂದ ತಟ್ಟಿ ಸದ್ದು ಕೇಳುವುದು ಅಂದಾಜಿಗೆ ಸರಿ, ವರದಿಗೆ ಸಾಲದು.

ಸ್ಪೋಕಿನಲ್ಲೋ ಚೈನಿನಲ್ಲೋ ನಾಯಿಯ ಕೂದಲು ಸಿಕ್ಕಿದ್ದರೆ ಅದನ್ನು ಇರುವಲ್ಲೇ ಫೋಟೊ ತೆಗೆದು, ಆಮೇಲೆ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಬೇಡ, ತೇವ ನಿಂತು ಕೊಳೆಯುತ್ತದೆ. ದರಪಟ್ಟಿಯನ್ನು "ರಿಪೇರಿ ಒಟ್ಟು ಇಷ್ಟು" ಎಂದು ಬರೆಸಿಕೊಳ್ಳಬೇಡಿ; ಬಿಡಿಭಾಗ, ಕೂಲಿ ಬೇರೆಬೇರೆ ಸಾಲಿನಲ್ಲಿ, ಫ್ರೇಮ್ ಸಂಖ್ಯೆ ಮತ್ತು ದಿನಾಂಕದೊಂದಿಗೆ ಇರಲಿ. ಒಡೆದ ಹೆಲ್ಮೆಟ್ಟನ್ನು ಎಸೆಯಬೇಡಿ.

ರೈಡ್ ದಾಖಲೆಗಳ ಬಗ್ಗೆ, ಇನ್ನೊಬ್ಬರು

ಆ್ಯಪಿನ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ. ಸೈಕಲ್ ಕಂಪ್ಯೂಟರಿನಲ್ಲಿರುವ (ವೇಗ, ದಾರಿ ದಾಖಲಿಸುವ ಹ್ಯಾಂಡಲಿನ ಸಾಧನ) ಮೂಲ ಕಡತವನ್ನು ಹಾಗೇ ತೆಗೆದಿಡಿ, ಏಕೆಂದರೆ ಆ್ಯಪು ವೇಗದ ಗೆರೆಯನ್ನು ನುಣುಪು ಮಾಡಿರುತ್ತದೆ. ಈ ಕಡತಗಳಲ್ಲಿ ಗಂಟೆ ಜಾಗತಿಕ ಸಮಯದಲ್ಲಿರುತ್ತದೆ. ಭಾರತದ ಬೆಳಿಗ್ಗೆ 6.40 ಅಲ್ಲಿ 1.10 ಎಂದು ಕಾಣುತ್ತದೆ. ದೂರಿನ ಗಂಟೆಗೂ ಕಡತದ ಗಂಟೆಗೂ ತಾಳೆಯಾಗದೆ "ದಾಖಲೆ ಸುಳ್ಳು" ಎಂಬ ಗುಲ್ಲೆದ್ದಾಗ ಕಾರಣ ಬಹಳ ಸಲ ಈ ಐದೂವರೆ ಗಂಟೆಯೇ. ಇನ್ನೊಂದು ಮಾತು: ಕಡತ ಎರಡು ಕಡೆಗೂ ಹರಿತ. ಇಳಿಜಾರಿನಲ್ಲಿ 45 ಕಿ.ಮೀ. ವೇಗ ಇದ್ದರೆ ಅದೂ ಅದರಲ್ಲಿದೆ.

ಅಕ್ಕಪಕ್ಕದ ಮನೆ, ಅಂಗಡಿಗಳ ಕ್ಯಾಮೆರಾ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ, ಕೆಲವೇ ದಿನಗಳಲ್ಲಿ ದೃಶ್ಯ ಅಳಿಯುತ್ತದೆ. ಅದೇ ದಿನ ಲಿಖಿತವಾಗಿ ಕೇಳಿ, ದಿನಾಂಕ ಮತ್ತು ಗಂಟೆ ಹಾಕಿ.

ಮತ್ತೆ ವಕೀಲರು

ಭಾರತದ ಕೋರ್ಟಿಗೆ ಆ ವಿಡಿಯೊ, ಆ ಕಡತ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ: ಒಂದು ಕಡತ ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ತಿದ್ದಿದರೆ ಬದಲಾಗುವ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಇದನ್ನು ಕೊಡುವವರು ಯಾರು? ಹಾಗಾಗಿ ಮೂಲ ಸಾಧನದಿಂದಲೇ ನಕಲು ತೆಗೆಸಿ.

ವಿಮಾ ಕ್ಲೇಮು ನೋಡುವವರು

ಎದುರು ಪಕ್ಷ ಏನು ಹುಡುಕುತ್ತದೆ ಎಂಬುದನ್ನು ಹೇಳುತ್ತೇನೆ. ಮೊದಲನೆಯದು ಕೆಣಕಿದಿರಾ ಎಂಬುದು. ಕಾಲಿನಿಂದ ಒದ್ದದ್ದು, ಬಾಟಲಿ ಎಸೆದದ್ದು ಗೇಟಿನ ಕ್ಯಾಮೆರಾದಲ್ಲಿದ್ದರೆ ಅದನ್ನೇ ದೊಡ್ಡದು ಮಾಡುತ್ತಾರೆ. ನಾಯಿ ಮೈಮೇಲೆ ಬಂದ ನಂತರ ಒದ್ದದ್ದು ಆತ್ಮರಕ್ಷಣೆ, ಅದಕ್ಕೆ ಮೊದಲು ಒದ್ದದ್ದು ಕೆಣಕು. ಹೇಳಿಕೆಯಲ್ಲಿ ಈ ಹಿಂದುಮುಂದು ತಪ್ಪಬಾರದು.

ಎರಡನೆಯದು ನಿಮ್ಮ ಪಾಲಿನ ನಿರ್ಲಕ್ಷ್ಯ: ಕತ್ತಲಲ್ಲಿ ದೀಪ ಇರಲಿಲ್ಲ, ಕಿವಿಯಲ್ಲಿ ಇಯರ್‌ಫೋನ್ ಇತ್ತು, ಬ್ರೇಕ್ ಸವೆದಿತ್ತು. ಹೆಚ್ಚಿನ ಕಡೆ ಇದು ಸಾಬೀತಾದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತ. ಅಮೆರಿಕದ ಅಲಬಾಮ, ಮೇರಿಲ್ಯಾಂಡ್, ಉತ್ತರ ಕೆರೊಲಿನ, ವರ್ಜೀನಿಯಗಳಲ್ಲಿ ಮಾತ್ರ ನಿಯಮ ಕ್ರೂರ: ನಿರ್ಲಕ್ಷ್ಯದ ದಾವೆಯಲ್ಲಿ ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಪೂರ್ತಿ ಹಣ ಹೋಗಬಹುದು. ಹೆಲ್ಮೆಟ್ ಹಾಕಿರಲಿಲ್ಲ ಎಂಬ ಮಾತಿಗೆ ಹೆದರಬೇಡಿ. ಗಾಯಕ್ಕೂ ಅದಕ್ಕೂ ಸಂಬಂಧ ಇರಬೇಕು. ಹೆಲ್ಮೆಟ್ ಕೊರಳೆಲುಬನ್ನು ಕಾಯುವುದಿಲ್ಲ.

"ಪೂರ್ಣ ಮತ್ತು ಅಂತಿಮ" ಎಂದಿರುವ ಕಾಗದಕ್ಕೆ ಮೂಳೆ ಕೂಡುವ ಮೊದಲೇ ಸಹಿ ಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಕೊರಳೆಲುಬಿಗೆ ಪ್ಲೇಟ್ ಹಾಕಿದ್ದರೆ ಅದನ್ನು ತೆಗೆಯಲು ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬರಬಹುದು. ಅದರ ಅಂದಾಜು ವೆಚ್ಚವನ್ನು ವೈದ್ಯರಿಂದ ಬರೆಸಿಕೊಂಡ ಮೇಲಷ್ಟೇ ಮಾತುಕತೆಗೆ ಕೂರಿ. ಕೆಲಸಕ್ಕೆ ಹೋಗದ ದಿನಗಳಿಗೆ ಗಳಿಕೆ ರಜೆ ಹಾಕಿ ಸಂಬಳ ಪಡೆದಿದ್ದರೂ, ಕಳೆದ ರಜೆ ನಷ್ಟವೇ. ಕಚೇರಿಯಿಂದ ರಜೆಯ ಲೆಕ್ಕ ತನ್ನಿ. ಆರೋಗ್ಯ ವಿಮೆಗೆ ಮೂಲ ಬಿಲ್ಲು ಕೊಡುವ ಮೊದಲು ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ವಿಮಾ ಕಂಪನಿ ತಾನು ಕೊಟ್ಟ ಹಣವನ್ನು ನಿಮಗೆ ಬಂದ ಪರಿಹಾರದಿಂದ ವಾಪಸು ಕೇಳುವ ಷರತ್ತು ಪಾಲಿಸಿಯಲ್ಲಿ ಇದೆಯೇ ಎಂದೂ ನೋಡಿ.

ಮಾಲೀಕರ ಮನೆವಿಮೆಯಲ್ಲೋ ಖಾಸಗಿ ಹೊಣೆ ವಿಮೆಯಲ್ಲೋ ನಾಯಿ ಸೇರಿರಬಹುದು. ಜರ್ಮನಿ, ಅಮೆರಿಕಗಳಲ್ಲಿ ಹಣ ಹೆಚ್ಚಾಗಿ ಬರುವುದೇ ಅಲ್ಲಿಂದ. ಜಗಳ ಆಡುವ ಮೊದಲು ವಿಮೆ ಇದೆಯೇ ಎಂದು ಕೇಳಿದರೆ ನೆರೆಯವರ ಮುಖವೂ ಅಷ್ಟು ಕೆಡುವುದಿಲ್ಲ.

ಪ್ರಶ್ನೆ ಕೇಳಿದವರು

"ಅದು ನಮ್ಮ ನಾಯಿಯೇ ಅಲ್ಲ" ಅಂದರೆ? ಬೀದಿನಾಯಿಯಾಗಿದ್ದರೆ?

ವಕೀಲರು

ಮೈಕ್ರೊಚಿಪ್‌ನ 15 ಅಂಕಿಯ ಸಂಖ್ಯೆ, ಸ್ಥಳೀಯ ಸಂಸ್ಥೆಯ ನಾಯಿ ಪರವಾನಗಿ, ಲಸಿಕೆ ಕಾರ್ಡು, ಕೊರಳಪಟ್ಟಿ, ದಿನಾ ಆ ಗೇಟಿನೊಳಗೇ ಮಲಗುವುದನ್ನು ನೋಡುವ ಹಾಲು ಹಾಕುವವರು, ಪೇಪರ್ ಹಾಕುವವರು. ಅವರು ಇದೇ ನಾಯಿ ಹಿಂದೆಯೂ ವಾಹನಗಳನ್ನು ಅಟ್ಟಿದ್ದನ್ನು ಕಂಡಿದ್ದರೆ ಅದು ಚಿನ್ನದಂಥ ಸಾಕ್ಷ್ಯ. ಮಾಲೀಕರಿಗೆ ಸ್ವಭಾವ ಗೊತ್ತಿತ್ತು ಎಂಬುದು ಅಲ್ಲಿಂದಲೇ ಸಿದ್ಧವಾಗುತ್ತದೆ. ಭಾರತದ 291ನೇ ಕಲಂ "ವಶದಲ್ಲಿರುವ" ಪ್ರಾಣಿ ಎನ್ನುತ್ತದೆ, ಆದ್ದರಿಂದ ಕೊಂಡ ರಸೀದಿ ಬೇಕಿಲ್ಲ.

ಬೀದಿನಾಯಿಯಾದರೆ ಹೊಣೆ ಸ್ಥಳೀಯ ಸಂಸ್ಥೆಯತ್ತ ತಿರುಗುತ್ತದೆ, ದಾರಿ ಉದ್ದ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ತನ್ನ ವ್ಯಾಪ್ತಿಯಲ್ಲಿ ಇಂಥ ಅರ್ಜಿಗಳಿಗೆ ಜಿಲ್ಲಾ ಸಮಿತಿ ರಚಿಸಲು ಹೇಳಿ, ನಾಯಿ ಕಡಿತಕ್ಕೆ ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ ₹10,000 ಎಂದು ನಿಗದಿ ಮಾಡಿತು. ಆ ಲೆಕ್ಕ ಹಲ್ಲಿನ ಗುರುತಿನದು ಎಂಬುದನ್ನು ಗಮನಿಸಿ. ಬಿದ್ದು ಮುರಿದ ಮೂಳೆಯನ್ನು ಅಪಘಾತ ಎಂದೇ ಅರ್ಜಿಯಲ್ಲಿ ತೋರಿಸಬೇಕು. ಆ ಜಾಗದ ನಾಯಿಗಳ ಬಗ್ಗೆ ಮೊದಲೇ ಯಾರಾದರೂ ಕೊಟ್ಟ ದೂರಿನ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಿರಿ. ಗೊತ್ತಿದ್ದೂ ಸುಮ್ಮನಿದ್ದರು ಎನ್ನಲು ಅದೊಂದೇ ಕಾಗದ ಸಾಕಾಗುವುದುಂಟು.

ಕಾಲಮಿತಿ: ಭಾರತದಲ್ಲಿ ಖಾಸಗಿ ಮಾಲೀಕರ ವಿರುದ್ಧ ಇಂಥ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ, ಆದರೆ 291ರ ಅಪರಾಧವನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಲು 1 ವರ್ಷ ಮಾತ್ರ. ಇಂಗ್ಲೆಂಡಿನಲ್ಲಿ 3 ವರ್ಷ, ಜರ್ಮನಿಯಲ್ಲಿ ಆ ವರ್ಷದ ಕೊನೆಯಿಂದ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ. ಸರ್ಕಾರಿ ಸಂಸ್ಥೆಯಾದರೆ ಎಲ್ಲವೂ ಬಿಗಿ: ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳೊಳಗೆ ಲಿಖಿತ ಹಕ್ಕುಸಾಧನೆ ಸಲ್ಲಿಸಬೇಕು, ಭಾರತದಲ್ಲಿ ಸರ್ಕಾರದ ಮೇಲೆ ದಾವೆಗೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ 2 ತಿಂಗಳ ನೋಟಿಸು ಕೊಟ್ಟಿರಬೇಕು, ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲಿ ಬೇರೆಯೇ ನೋಟಿಸು, ಬೇರೆಯೇ ಗಡುವು ಇರುತ್ತದೆ. ನಾಯಿ ಯಾರದ್ದೆಂದು ಗೊತ್ತಿಲ್ಲದಿದ್ದರೆ ಮಾಲೀಕ ಸಿಗುವವರೆಗೆ ಕಾಯುತ್ತ ಕೂರಬೇಡಿ. ಈ ಗಡುವು ಯಾರಿಗೂ ಹೇಳದೆ ದಾಟಿಹೋಗುತ್ತದೆ.