ಅಪ್‌ಡೇಟ್: ಹಾಕದ ಡಾಂಬರಿಗೆ ಸಹಿ ಕೇಳುತ್ತಿದ್ದರು, ಏನಾಯಿತು ಅಂದರೆ

ಪೂರ್ತಿ ಡಾಂಬರು ಬೀಳದ ರಸ್ತೆಯ ಅಳತೆ ಪುಸ್ತಕಕ್ಕೆ (ಆದ ಕೆಲಸವನ್ನು ಅಳೆದು ಬರೆಯುವ, ಗುತ್ತಿಗೆದಾರರ ಬಿಲ್ಲಿಗೆ ಆಧಾರವಾಗುವ ದಾಖಲೆ) ಸಹಿ ಹಾಕು ಅಂತ ಒಬ್ಬ ರಾಜಕಾರಣಿಯ ಕಡೆಯಿಂದ ಒತ್ತಡ ಇದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ. ಸಹಿ ಹಾಕಲಿಲ್ಲ. ಬಿಲ್ಲೂ ಪಾಸಾಗಿಲ್ಲ.

ಕೈ ಹಿಡಿದದ್ದು "ಬಾಯಿಮಾತನ್ನು ಫೈಲಿಗೆ ಇಳಿಸಿ" ಎಂದವರ ಸಲಹೆ. ಫೋನ್ ಬಂದ ದಿನವೇ ಟಿಪ್ಪಣಿ ಬರೆದೆ: ಯಾರು ಏನು ಹೇಳಿದರು, ಅಳೆದಾಗ ಎಷ್ಟು ದಪ್ಪ ಸಿಕ್ಕಿತು. ಲಿಖಿತ ಆದೇಶ ಕೊಡಿ ಎಂದು ಮೇಲಧಿಕಾರಿಗೂ ಪತ್ರ ಕೊಟ್ಟೆ. ಆದೇಶ ಬರಲೇ ಇಲ್ಲ, ಫೋನೂ ನಿಂತಿತು. ಈಗ ಗುತ್ತಿಗೆದಾರರು ಉಳಿದ ಭಾಗಕ್ಕೆ ಡಾಂಬರು ಹಾಕಿಸುತ್ತಿದ್ದಾರೆ.

ರಜೆ ಹಾಕಿ ಎಂಬ ಸಲಹೆ ಸರಿಹೋಗಲಿಲ್ಲ. ನಾನು ರಜೆ ಹೋದರೆ ಪುಸ್ತಕ ಪ್ರೊಬೇಷನ್‌ನಲ್ಲಿರುವ ಕಿರಿಯ ಸಹೋದ್ಯೋಗಿಯ ಮೇಜಿಗೆ ಹೋಗುತ್ತಿತ್ತು. ಅವಳನ್ನು ಸಿಕ್ಕಿಸುವುದು ಅನ್ಯಾಯ ಅಲ್ವಾ?

ಅಲ್ಲಿಯವರೆಗೆ ನನಗೆ ಗೊತ್ತೇ ಇರದಿದ್ದ ವಿಷಯ ಒಂದಿದೆ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳ ಅರ್ಜಿಯ ಮೇಲೆ 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಾಯಿಮಾತಿನ ಸೂಚನೆಗಳನ್ನು ಅಧಿಕಾರಿಗಳು ದಾಖಲಿಸಲೇಬೇಕು ಎಂದಿದೆ. ದಾಖಲೆ ಇಲ್ಲದಿದ್ದರೆ ಜನರ ಮಾಹಿತಿ ಹಕ್ಕಿಗೇ ಅರ್ಥವಿಲ್ಲ ಎಂಬುದು ಅದರ ವಾದ. ನನ್ನ ಪತ್ರದಲ್ಲಿ ಇದನ್ನೇ ಉಲ್ಲೇಖಿಸಿದ್ದೆ.

ವರ್ಗಾವಣೆಯ ಮಾತು ಇನ್ನೂ ಓಡಾಡುತ್ತಿದೆ. ಬಂದರೆ ಹೋಗುತ್ತೇನೆ. ಟಿಪ್ಪಣಿಯ ಮಾದರಿ ಬೇಕಾದವರು ಕೇಳಿ, ಹೆಸರು ತೆಗೆದು ಕೊಡುತ್ತೇನೆ.