ಬೌಲಿಂಗ್ ಚೆಂಡಿನ ಗಿರಕಿ: ಪಿನ್ ಹತ್ತಿರ ಕಮ್ಮಿಯೋ, ಜಾಸ್ತಿಯೋ?

ಪ್ರಶ್ನೆ: ಸರ್, ಹತ್ತು ಪಿನ್ ಉರುಳಿಸುವ ಬೌಲಿಂಗ್‌ನಲ್ಲಿ (ಟೆನ್‌ಪಿನ್) ನನ್ನದು ಬಲಗೈ ಆಟ. ಕೈಬಿಡುವಾಗ ಚೆಂಡಿನ ವೇಗ ಗಂಟೆಗೆ 29 ಕಿ.ಮೀ., ಗಿರಕಿ ನಿಮಿಷಕ್ಕೆ 300 ಸುತ್ತು. ತಿಕ್ಕಾಟಕ್ಕೆ ಗಿರಕಿ ಕಮ್ಮಿಯಾಗ್ತಾ ಹೋಗಬೇಕಲ್ವಾ? ವಿಡಿಯೋದಲ್ಲಿ ನೋಡಿದರೆ ಪಿನ್ ಹತ್ತಿರ ಇನ್ನೂ ಜೋರಾಗಿ ತಿರುಗುತ್ತೆ. ಜೊತೆಗೆ, ಪಾಕೆಟ್‌ಗೆ (1 ಮತ್ತು 3ನೇ ಪಿನ್ ನಡುವಿನ ಸಂದಿಗೆ) ಸರಿಯಾಗೇ ಹೊಡೆದರೂ ಬಲತುದಿಯ 10ನೇ ಪಿನ್ ನಿಂತೇ ಇರುತ್ತೆ.

ಉತ್ತರ: ವಿಡಿಯೋದಲ್ಲಿ ಕಂಡದ್ದೇ ಸರಿ. ಚೆಂಡಿನ ಸುತ್ತಳತೆ ಸುಮಾರು 27 ಇಂಚು. 29 ಕಿ.ಮೀ. ವೇಗದಲ್ಲಿ ಜಾರದೆ ಉರುಳಬೇಕಾದರೆ ನಿಮಿಷಕ್ಕೆ ಹತ್ತಿರ ಹತ್ತಿರ 700 ಸುತ್ತು ಬೇಕು. ನಿಮ್ಮ ಕೈ ಕೊಟ್ಟಿರುವುದು 300. ಹಾಗಾಗಿ ಚೆಂಡಿನ ತಳ ಮುಂದಕ್ಕೆ ಜಾರುತ್ತದೆ, ಲೇನ್ (ಚೆಂಡು ಸಾಗುವ ಹಾಸು) ಅದನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ವೇಗವನ್ನು ತಿಂದು ಸುತ್ತನ್ನು ಏರಿಸುತ್ತದೆ.

ಫೌಲ್ ಗೆರೆಯಿಂದ (ಎಸೆಯುವವರು ದಾಟಬಾರದ ಗೆರೆ) ಮೊದಲ ಪಿನ್‌ಗೆ 60 ಅಡಿ. ಮಾಮೂಲಿ ಹೌಸ್ ಪ್ಯಾಟರ್ನ್‌ನಲ್ಲಿ (ಬೌಲಿಂಗ್ ಕೇಂದ್ರದವರು ಲೇನ್‌ಗೆ ಎಣ್ಣೆ ಹಚ್ಚುವ ರೀತಿ) ಎಣ್ಣೆ ಇರುವುದು ಸುಮಾರು 40 ಅಡಿಯವರೆಗೆ. ಅಲ್ಲಿ ಹೆಚ್ಚೇನೂ ಬದಲಾಗದು. ಆಟವೆಲ್ಲ ಕೊನೆಯ ಒಣ 20 ಅಡಿಯದ್ದು. ಆಕ್ಸಿಸ್ ರೊಟೇಷನ್ (ಚೆಂಡು ಹೋಗುವ ದಿಕ್ಕಿಗೆ ಗಿರಕಿಯ ದಿಕ್ಕು ಎಷ್ಟು ಓರೆ ಎಂಬ ಕೋನ) 45 ಡಿಗ್ರಿ ಇದ್ದರೆ, ಪೂರ್ತಿ ಉರುಳಿಗೆ ಬಂದಾಗ ಸುತ್ತು 570ರ ಆಸುಪಾಸು, ವೇಗ 23 ಕಿ.ಮೀ., ದಾರಿ 6 ಡಿಗ್ರಿ ಎಡಕ್ಕೆ. (ಚೆಂಡನ್ನು ಒಂದೇ ಸಮ ತುಂಬಿದ ಗೋಳ ಅಂತಿಟ್ಟುಕೊಂಡ ಲೆಕ್ಕ ಇದು, ಚೆಂಡಿನೊಳಗಿನ ಭಾರದ ತಿರುಳಾದ ಕೋರ್‌ನಿಂದಾಗಿ ತುಸು ಆಚೀಚೆ ಆಗುತ್ತದೆ.) ಪಾಕೆಟ್‌ಗೆ ಬೇಕಾದ ಕೋನವೂ ಅಷ್ಟೇ. ಉರುಳು ಶುರುವಾದ ಮೇಲೆ ಹುಕ್ (ಪಕ್ಕಕ್ಕೆ ಬಾಗುವುದು) ಇಲ್ಲ, ಚೆಂಡು ನೇರ ಹೋಗುತ್ತದೆ.

ಇನ್ನು 10ನೇ ಪಿನ್. ಅದರ ಮುಂದಿನ 6ನೇ ಪಿನ್ ಅದರ ಕತ್ತನ್ನು ಸುತ್ತಿಕೊಂಡು ಹಾರಿದರೆ ಕೂದಲೆಳೆಯ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ. 6ನೇ ಪಿನ್ ಸಪ್ಪಗೆ ಪಕ್ಕದ ಗಟರ್‌ಗೆ ಬಿದ್ದರೆ ಮಾತ್ರ ತೊಂದರೆ. ಆಗ ಕೊನೆಯ ಹತ್ತಡಿ ನೋಡಿ. ದಾರಿ ಅಷ್ಟರಲ್ಲೇ ನೇರವಾಗಿದ್ದರೆ ಚೆಂಡು ಬೇಗ ಉರುಳಿಗೆ ಬಂದಿದೆ: ನಿಲ್ಲುವ ಜಾಗ 2 ಬೋರ್ಡ್ (ಲೇನ್‌ನ ಉದ್ದಪಟ್ಟಿ), ಗುರಿ 1 ಬೋರ್ಡ್ ಎಡಕ್ಕೆ ಸರಿಸಿ, ಇಲ್ಲವೇ ಚೆಂಡಿನ ಮೈಯನ್ನು 4000 ಗ್ರಿಟ್‌ಗೆ (ಉಜ್ಜುವ ಹಾಳೆಯ ಅಂಕಿ, ಹೆಚ್ಚಿದಷ್ಟೂ ನುಣುಪು) ನುಣುಪು ಮಾಡಿಸಿ. ಪಿನ್‌ಗೆ ತಾಗುವಾಗಲೂ ಬಾಗುತ್ತಲೇ ಇದ್ದರೆ ತಡವಾಗಿದೆ: 1000 ಗ್ರಿಟ್‌ಗೆ ಒರಟು ಮಾಡಿಸಿ, ಇಲ್ಲವೇ ವೇಗ ಚೂರು ಇಳಿಸಿ. ಎರಡಕ್ಕೂ ಒಂದೇ ಮದ್ದು ಹಚ್ಚುವವರೇ ಹೆಚ್ಚು.

ಪ್ರಶ್ನೆ: ಹಾಗಾದರೆ ರೊಟೇಷನ್ 90 ಡಿಗ್ರಿ ಮಾಡಿದರೆ ಹುಕ್ ಇನ್ನೂ ಜಾಸ್ತಿ ಆಗುತ್ತಲ್ವಾ?

ಉತ್ತರ: ಕಾಗದದ ಮೇಲೆ ಹೌದು, 10 ಡಿಗ್ರಿ ಹತ್ತಿರ ಬರುತ್ತದೆ. ಆದರೆ ಜಾರಾಟ ಮುಗಿಯಲು ಅದೇ ತಿಕ್ಕಾಟದಲ್ಲಿ ಶೇ. 40ರಷ್ಟು ಹೆಚ್ಚು ಹೊತ್ತು ಬೇಕು. ಎಣ್ಣೆ ಉದ್ದವಿದ್ದರೆ ಅಷ್ಟರಲ್ಲಿ ಪಿನ್ ಬಂದೇ ಬಿಡುತ್ತದೆ. ನಿಮ್ಮ 300 ಸುತ್ತಿಗೆ 45 ಸಾಕು.

ಇನ್ನೊಬ್ಬ ಕೋಚ್: ಅಳೆಯುವುದು ಸುಲಭ. ಅಭ್ಯಾಸದಲ್ಲಿ ಚೆಂಡಿಗೆ ಬಿಳಿ ಟೇಪ್ ಅಂಟಿಸಿ, ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್ ತೆಗೆಯಿರಿ. ಕೈಬಿಟ್ಟಾಗ ಒಂದು ಸುತ್ತಿಗೆ 48 ಫ್ರೇಮ್ ಬಂದರೆ 300 ಸುತ್ತು. ಪಿನ್ ಹತ್ತಿರ 25ಕ್ಕೆ ಇಳಿದಿರಬೇಕು. ಇಳಿಯುವುದು ಎಲ್ಲಿ ನಿಂತಿತೋ ಅಲ್ಲಿಂದಲೇ ಉರುಳು.