ಸ್ವಿಫ್ಟ್ ಡೀಸೆಲ್ ಇಂಜಿನ್ ಹೋಗಿದೆ: ಕಟ್ಟೋಕೆ ಯಾರಿಗೆ ಕೊಡೋದು?

ಪ್ರಶ್ನೆ (ಬನಶಂಕರಿ, ಬೆಂಗಳೂರು): 2013ರ ಸ್ವಿಫ್ಟ್ ಡೀಸೆಲ್, 1,62,000 ಕಿ.ಮೀ. ಓಡಿದೆ. ಕೂಲೆಂಟ್ ಪೈಪ್ ಒಡೆದು, ಇಂಜಿನ್ ಕಾದು ಜಾಮ್ ಆಗಿದೆ. ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿದ್ದಾರೆ, ಎರಡನೇ, ಮೂರನೇ ಸಿಲಿಂಡರಲ್ಲಿ ಉಗುರಿಗೆ ತಗಲುವಷ್ಟು ಗೀರು ಬಿದ್ದಿದೆ. ಕಂಪನಿ ಸರ್ವಿಸ್ ಸೆಂಟರಲ್ಲಿ ಹೊಸ ಹಾಫ್ ಇಂಜಿನ್ (ಹೆಡ್ ಬಿಟ್ಟು ಕೆಳಗಿನ ಭಾಗ) ಹಾಕಿಸಲಾ, ಇದೇ ಬ್ಲಾಕ್ ಬೋರ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲ ಮಾಡಿಸಿ) ಏರಿಯಾ ಗ್ಯಾರೇಜಲ್ಲಿ ಕಟ್ಟಿಸಲಾ, ಶಿವಾಜಿನಗರದ ಗುಜರಿಯಿಂದ ಪೂರ್ತಿ ಇಂಜಿನ್ ತರಲಾ? ಗೊತ್ತಿರೋರು ಹೇಳಿ.

ರಾಜಾಜಿನಗರದಿಂದ: ಸರ್, ಯಾರಿಗೇ ಕೊಟ್ಟರೂ ಕೆಲಸ ಹಂಚಬೇಡಿ. ಪಾರ್ಟ್ಸ್ ತರೋರು ನೀವು, ಬೋರ್ ಮಾಡೋರು ಒಬ್ಬರು, ಕೂರಿಸೋರು ಇನ್ನೊಬ್ಬರು ಅಂತಾದರೆ, ಇಂಜಿನ್ ಆಯಿಲ್ ಕುಡಿಯೋಕೆ ಶುರುವಾದ ದಿನ ಗ್ಯಾರೇಜಿನವರು ಬೋರ್ ಸರಿಯಿಲ್ಲ ಅಂತಾರೆ, ಲೇತಿನವರು ಪಿಸ್ಟನ್ ರಿಂಗ್ ತಪ್ಪು ಕೂರಿಸಿದ್ದಾರೆ ಅಂತಾರೆ. ಮತ್ತೆ ಇಳಿಸೋ ಕೂಲಿ ನಿಮ್ಮ ತಲೆಗೆ. ಇಂಜಿನ್ ಇಳಿಸೋದರಿಂದ ಹಿಡಿದು 1,000 ಕಿ.ಮೀ. ಆದಮೇಲಿನ ಆಯಿಲ್ ಬದಲಾವಣೆವರೆಗೆ ಒಬ್ಬರೇ ಹೊಣೆ ಹೊರಬೇಕು. ಲೇತಿಗೆ ಅವರೇ ಕಳಿಸಲಿ, ಪಾರ್ಟ್ಸ್ ಅವರೇ ತರಲಿ, ಬಿಲ್ ನಿಮ್ಮ ಹೆಸರಲ್ಲಿರಲಿ. ಜೆ.ಸಿ. ರಸ್ತೆಯಿಂದ ನೀವೇ ಪಿಸ್ಟನ್ ಸೆಟ್ ತಂದುಕೊಟ್ಟರೆ ಒಂದಿಷ್ಟು ದುಡ್ಡು ಉಳಿಯುತ್ತೆ, ಗ್ಯಾರಂಟಿ ಹೋಗುತ್ತೆ.

ಗ್ಯಾರೇಜಿನವರನ್ನ ಕೇಳಬೇಕಾದ ಮೊದಲ ಪ್ರಶ್ನೆ ರೇಟಲ್ಲ. "ಹೆಡ್ ಬೋಲ್ಟ್ ಹೇಗೆ ಬಿಗಿ ಮಾಡ್ತೀರಾ?" ಅಂತ ಕೇಳಿ. ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆಯೋ ಸ್ಪ್ಯಾನರ್) ಇಷ್ಟು, ಆಮೇಲೆ ಇಷ್ಟು ಡಿಗ್ರಿ, ಬೋಲ್ಟ್ ಹೊಸದು ಅಂದರೆ ಸರಿ. "ಕೈಲೆಕ್ಕ" ಅಂದರೆ ಅಲ್ಲಿಂದ ಗಾಡಿ ಟೋ ಮಾಡಿಸಿ.

ಪೀಣ್ಯದಿಂದ: ಬೋರ್ ಕೆಲಸದ ಬಗ್ಗೆ. ಈ 1,248 ಸಿ.ಸಿ. ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಮೂಲ ಬೋರ್ (ಸಿಲಿಂಡರಿನ ವ್ಯಾಸ) 69.6 ಮಿ.ಮೀ. ಬೋರ್ ಗೇಜಿನಲ್ಲಿ ಪ್ರತಿ ಸಿಲಿಂಡರನ್ನ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿಗೆ ಅಳೆಯಬೇಕು. ನಾಲ್ಕು ಸಿಲಿಂಡರಿಗೆ 24 ಅಳತೆ. ಆ ಚೀಟಿ ಕೈಗೆ ಬಂದಮೇಲೇ ಬೋರಾ, ಸ್ಲೀವಾ (ಸಿಲಿಂಡರ್ ಒಳಗೆ ಹೊಸ ಕೊಳವೆ), ಬ್ಲಾಕ್ ಬದಲಾ ಅನ್ನೋದು ತೀರ್ಮಾನ. ಕೆಟ್ಟಿರೋದು ಎರಡೇ ಆದರೂ ನಾಲ್ಕಕ್ಕೂ ಮೂಲಕ್ಕಿಂತ ದೊಡ್ಡದಾದ ಒಂದೇ ಓವರ್‌ಸೈಜ್ ಹಾಕಿ.

ಪಿಸ್ಟನ್ ಮೊದಲು ಬರಬೇಕು, ಬೋರ್ ಆಮೇಲೆ. ಪೆಟ್ಟಿಗೆ ಮೇಲೆ 0.50 (ಮಿ.ಮೀ. ದೊಡ್ಡದು) ಅಂತ ಬರೆದಿದೆ ಅಂತ ಬೋರ್ ಹೊಡೆಯೋದಲ್ಲ. ಆ ಪಿಸ್ಟನ್‌ಗಳನ್ನೇ ಮೈಕ್ರೋಮೀಟರಲ್ಲಿ ಅಳೆದು, ಮ್ಯಾನುಯಲ್ ಹೇಳಿದಷ್ಟು ಸಂದು ಬಿಟ್ಟು ಹೊಡೀಬೇಕು. ಕೊನೆಯ 0.05 ಮಿ.ಮೀ.ನಷ್ಟು, ಕಲ್ಲಲ್ಲಿ ಉಜ್ಜಿ ನಯ ಮಾಡೋ ಹೋನಿಂಗ್‌ಗೆ ಉಳಿಸಬೇಕು, ಒಂದಕ್ಕೊಂದು ಅಡ್ಡ ಹಾಯೋ ಸಣ್ಣ ಗೆರೆಗಳು ಕಾಣಬೇಕು. ಆಯಿಲ್ ನಿಲ್ಲೋದು ಆ ಗೆರೆಗಳಲ್ಲೇ.

ಹೋನಿಂಗ್ ಆದಮೇಲೆ ಬ್ಲಾಕನ್ನ ಬಿಸಿನೀರು, ಸೋಪಲ್ಲಿ ಉಜ್ಜಿ ತೊಳೀಬೇಕು. ಡೀಸೆಲ್ ಹಾಕಿ ಒರೆಸಿದರೆ ಕಲ್ಲಿನ ಪುಡಿ ಹೋಗಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬಂದರೆ ಇನ್ನೊಮ್ಮೆ. ಹೊಸ ಇಂಜಿನ್ 5,000 ಕಿ.ಮೀ.ಗೇ ಹೊಗೆ ಬಿಡೋಕೆ ಈ ಪುಡಿ ಒಂದು ದೊಡ್ಡ ಕಾರಣ.

ಹೆಡ್ ಕಾದಿದೆ, ಹಾಗಾಗಿ ಪ್ರೆಶರ್ ಟೆಸ್ಟ್ ಕಡ್ಡಾಯ. ವಾಲ್ವ್‌ಗಳ ನಡುವಿನ ಬಿರುಕು ಕಣ್ಣಿಗೆ ಕಾಣಲ್ಲ. ಬಾಗಿದ್ದರೆ ಸುಮ್ಮನೆ ಉಜ್ಜಿಸಬೇಡಿ. ಡೀಸೆಲ್ಲಿನಲ್ಲಿ ಹೆಡ್ ತೆಳುವಾದರೆ ವಾಲ್ವಿಗೂ ಪಿಸ್ಟನ್ನಿಗೂ ಇರೋ ಜಾಗ ಕಮ್ಮಿಯಾಗುತ್ತೆ. ಕಂಪನಿ ಎಷ್ಟಕ್ಕೆ ಬಿಡುತ್ತೆ ಅಂತ ನೋಡಿಯೇ ಮುಂದುವರೀಬೇಕು.

ಪ್ರಶ್ನೆ ಕೇಳಿದವರು: ಗ್ಯಾರೇಜಿನವರು ಬೋರ್ ಬೇಡ, ಹೋನಿಂಗ್ ಮಾಡಿ ರಿಂಗ್ ಸೆಟ್ ಹಾಕಿದರೆ ಸಾಕು ಅಂತಿದ್ದಾರೆ.

ಪೀಣ್ಯದಿಂದ: ಉಗುರಿಗೆ ತಗಲೋ ಗೀರು ಹೋನಿಂಗಲ್ಲಿ ಹೋಗಲ್ಲ. ಹೋಗೋವರೆಗೆ ಉಜ್ಜಿದರೆ ಬೋರ್ ಅಗಲವಾಗಿ ಹಳೇ ಪಿಸ್ಟನ್ ಅಲ್ಲಾಡುತ್ತೆ. ಬೇಡ.

ಯಶವಂತಪುರದಿಂದ: ಗುಜರಿ ಇಂಜಿನ್ ಬಗ್ಗೆ ಯಾರೂ ಹೇಳಿಲ್ಲ. ಪೂರ್ತಿ ತಳ್ಳಿಹಾಕಬೇಡಿ, ಹಿಂಭಾಗಕ್ಕೆ ಗುದ್ದಿಸಿಕೊಂಡ ಗಾಡಿಯ ಇಂಜಿನ್ ಒಳ್ಳೇದೇ ಇರಬಹುದು. ಆದರೆ ಇದೇ 1.3 ಡೀಸೆಲ್ ರಿಟ್ಜ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ, ಎರ್ಟಿಗಾ ಎಲ್ಲದರಲ್ಲೂ ಬಂದಿದೆ. ನಿಮ್ಮದು 75 ಪಿ.ಎಸ್. (ಇಂಜಿನ್ ಶಕ್ತಿಯ ಅಳತೆ), ಸಾದಾ ಟರ್ಬೊ. ಎರ್ಟಿಗಾದ್ದು 90 ಪಿ.ಎಸ್., ವೇರಿಯಬಲ್ ಟರ್ಬೊ. ಬೇರೆ ಕಂಪನಿ ಗಾಡಿಯದಾದರೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಮೌಂಟಿಂಗ್, ವೈರಿಂಗ್ ತಾಳೆಯಾಗದೆ ವಾರಗಟ್ಟಲೆ ಗಾಡಿ ನಿಲ್ಲುತ್ತೆ. ಪ್ರತಿ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ನೋಡದೆ ತಗೋಬೇಡಿ. ನಾಲ್ಕರ ನಡುವೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ. ಬಿಲ್, ಮೂಲ ಗಾಡಿಯ ಆರ್‌ಸಿ ನಕಲು ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಕದ್ದ ಗಾಡಿಯದಾದರೆ ಠಾಣೆ ಮೆಟ್ಟಿಲು ಹತ್ತೋರು ನೀವು.

ಜಯನಗರದಿಂದ: ಅದಕ್ಕೇ ನಾನು ಇದೇ ಬ್ಲಾಕ್ ಉಳಿಸಿಕೊಳ್ಳಿ ಅನ್ನೋದು. ಇಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಬೋರ್ ಮಾಡಿಸಿದರೆ ಆರ್‌ಸಿ ಹಾಗೇ ಇರುತ್ತೆ. ಬ್ಲಾಕ್ ಬದಲಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಮೊದಲೇ ಬೇಕು, ಬದಲಿಸಿದ 14 ದಿನದೊಳಗೆ ತಿಳಿಸಬೇಕು. ಸಾಲ ಇದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು, ಇನ್ಶೂರೆನ್ಸಿನವರಿಗೂ ಹೇಳಬೇಕು. ಇನ್ನೊಂದು: ನಿಮ್ಮ ಆರ್‌ಸಿಯ 15 ವರ್ಷ 2028ಕ್ಕೆ ಮುಗಿಯುತ್ತೆ, ನವೀಕರಣಕ್ಕೆ ಗಾಡಿ ತೋರಿಸಬೇಕು. ಆಗ ನಂಬರ್ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಸರ್ವಿಸ್ ಸೆಂಟರಲ್ಲಿ ಹೊಸ ಹಾಫ್ ಇಂಜಿನ್ ಹಾಕಿಸಿದರೂ ನಂಬರ್ ವಿಷಯ ಅವರ ಹತ್ತಿರ ಬರವಣಿಗೆಯಲ್ಲಿ ತಗೊಳ್ಳಿ.

ರಾಜಾಜಿನಗರದಿಂದ: ಒಪ್ಪುತ್ತೇನೆ. ಬ್ಲಾಕ್ ಅಳತೆಗೆ ಬಂದರೆ ಬೋರ್, ಬಿರುಕಿದ್ದರೆ ಹೊಸ ಹಾಫ್ ಇಂಜಿನ್. ಎರಡರಲ್ಲೂ ಇಂಜಿನ್ ಕೆಳಗಿರುವಾಗಲೇ ಕ್ಲಚ್ ಸೆಟ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಟೈಮಿಂಗ್ ಚೈನ್ ಕಿಟ್, ಎಲ್ಲಾ ಕೂಲೆಂಟ್ ಪೈಪ್ ಬದಲಿಸಿ. ಜಾಮ್ ಆದ ಇಂಜಿನ್ನಿನ ಲೋಹದ ಚೂರು ಆಯಿಲ್ ಕೂಲರ್, ಟರ್ಬೊ ಆಯಿಲ್ ಪೈಪಲ್ಲಿ ಕೂತಿರುತ್ತೆ. ಅದನ್ನ ಹಾಗೇ ಜೋಡಿಸಿದರೆ ಹೊಸ ಬೇರಿಂಗನ್ನ ಮೊದಲ ದಿನವೇ ತಿಂದುಹಾಕುತ್ತೆ. ಪೈಪ್ ಹೊಸದು ಹಾಕಿ, ಕೂಲರ್ ತೊಳೆಯೋಕಾಗದಿದ್ದರೆ ಬದಲಿಸಿ. ರೇಡಿಯೇಟರ್, ಫ್ಯಾನ್ ಕೂಡ ಪರೀಕ್ಷಿಸಲಿ. ಮೊದಲ ಇಂಜಿನ್ ಕೊಂದದ್ದು ಕೂಲಿಂಗು ತಾನೇ.

ಬೋರ್‌ವೆಲ್ ನೀರು ಬೇಡವೇ ಬೇಡ, ಸುಣ್ಣ ಕಟ್ಟುತ್ತೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಸಿಲ್ಕ್ ಬೋರ್ಡ್ ಜಾಮಲ್ಲಿ ಆ ಮೂರು ಡಿಗ್ರಿ ಬೇಕಾಗುತ್ತೆ. ಕೂಲೆಂಟ್ ಮಿಶ್ರಣ ಸರಿಯಿರಲಿ, ಪ್ರೆಶರ್ ಕ್ಯಾಪ್ ಹೊಸದಿರಲಿ.

ಯಶವಂತಪುರದಿಂದ: ಸ್ಟಾರ್ಟ್ ಮಾಡೋ ಮುಂಚೆ ಡೀಸೆಲ್ ಇಂಜೆಕ್ಷನ್ ಬಂದ್ ಮಾಡಿ, ಸ್ಟಾರ್ಟರಲ್ಲಿ ಇಂಜಿನ್ ತಿರುಗಿಸಿ ಆಯಿಲ್ ಪ್ರೆಶರ್ ಬರಿಸಲಿ, ಆಯಿಲ್ ಲೈಟ್ ಆರಿದಮೇಲೆ ಸ್ಟಾರ್ಟ್. ಇಂಜೆಕ್ಟರ್ ಜಾಗ ಬದಲಾಗಿದ್ದರೆ ಅದರ ಮೇಲಿನ ಕೋಡ್ ಇಸಿಯುಗೆ (ಇಂಜಿನ್ ಕಂಪ್ಯೂಟರಿಗೆ) ಬರೆಸಿ. ಐಡಲಲ್ಲಿ ಗಂಟೆಗಟ್ಟಲೆ ಬಿಡೋದು ಹಳೇ ಅಭ್ಯಾಸ. ಭಾರ ಇಲ್ಲದೆ ರಿಂಗ್ ಕೂರಲ್ಲ, ಬೋರ್ ನುಣುಪಾಗಿ ಆಯಿಲ್ ಕುಡಿಯೋಕೆ ಶುರುಮಾಡುತ್ತೆ. ಭಾನುವಾರ ಬೆಳಗಿನ ಜಾವ ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಹೋಗಿ ಬನ್ನಿ, ವೇಗ ಏರಿಸುತ್ತಾ ಇಳಿಸುತ್ತಾ, ಪೂರ್ತಿ ಒತ್ತದೆ. ಕೂಲೆಂಟ್ ಡಬ್ಬಿಗೆ ಮಾರ್ಕರಲ್ಲಿ ಗೆರೆ ಹಾಕಿ, ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೋಡಿ. ಮೊದಲ ಎರಡು ದಿನ ಗಾಳಿ ಹೊರಬಂದು ಸ್ವಲ್ಪ ಇಳಿಯೋದು ಸಹಜ. ಮೂರನೇ ದಿನವೂ ಇಳಿದಿದ್ದರೆ ಗಾಡಿ ತೆಗೀಬೇಡಿ, ಗ್ಯಾರೇಜಿನವರನ್ನೇ ಮನೆಗೆ ಕರೆಸಿ.